ಬೋರ್ಡ್ ಕನ್ನಡ ಆಯ್ತು, ಬಿಲ್ ಯಾಕೆ ಇನ್ನೂ ಇಂಗ್ಲಿಷ್? ಗಂಟು ಇರೋದು ಸಾಫ್ಟ್‌ವೇರ್ ಒಳಗೆ

ಚಿಕ್ಕೋಡಿ: ಮೊನ್ನೆ ಪಟ್ಟಣದ ಒಂದು ಗೊಬ್ಬರದ ಅಂಗಡಿಯಲ್ಲಿ ನಿಂತಿದ್ದೆ. ಅರವತ್ತು ದಾಟಿದ ರೈತರೊಬ್ಬರು ಕೈಯಲ್ಲಿದ್ದ ಬಿಲ್ಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದರು.

“ಸಾವಕಾರ್ರ, ಇದು ನನಗ ಬರೂದೋ, ನಾ ಕೊಡೂದೋ?”

ಬಿಲ್ಲಿನ ಕೊನೆಯ ಸಾಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ‘ಬ್ಯಾಲೆನ್ಸ್’ ಅಂತ ಇತ್ತು. ಅದರ ಮುಂದೆ 4,200. ಮನೆಯಲ್ಲಿ ಓದೋ ಮೊಮ್ಮಗ ಬ್ಯಾಲೆನ್ಸ್ ಅಂದ್ರೆ ಉಳಿದಿರೋ ರೊಕ್ಕ ಅಂತ ಹೇಳಿಕೊಟ್ಟಿದ್ದನಂತೆ. ಅವನ ತಪ್ಪೇನೂ ಇಲ್ಲ. ಮೊಬೈಲ್‌ನಲ್ಲಿ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಬ್ಯಾಲೆನ್ಸ್ ಅಂದ್ರೆ ನಮ್ಮ ಹತ್ತಿರ ಉಳಿದಿದ್ದು. ಅಂಗಡಿ ಬಿಲ್ಲಿನಲ್ಲಿ ಮಾತ್ರ ಅದೇ ಪದಕ್ಕೆ ಉಲ್ಟಾ ಅರ್ಥ.

“ಕಾಕಾ, ಅದು ನೀವು ಕೊಡೂದರಿ. ಹಿಂದಿನ ಉದ್ರಿ ಐತೆಲ್ಲಾ, ಅದು” ಅಂದರು ಅಂಗಡಿಯವರು. ಕಾಕಾನ ಮುಖ ಸಣ್ಣದಾಯ್ತು. ಜಗಳ ಆಗಲಿಲ್ಲ, ಯಾಕಂದ್ರೆ ಇಬ್ಬರೂ ಹಳೆಯ ಪರಿಚಯದವರು. ಹೊಸಬರಾಗಿದ್ದರೆ ಜಗಳ ಆಗುತ್ತಿತ್ತು.

ಹೊರಗೆ ಬಂದು ತಲೆ ಎತ್ತಿ ನೋಡಿದೆ. ಅಂಗಡಿಯ ಬೋರ್ಡ್ ಮೇಲೆ ದಪ್ಪ ಅಕ್ಷರದಲ್ಲಿ ಕನ್ನಡ. 2024ರಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ ತಿದ್ದುಪಡಿ ತಂದು, ಬೋರ್ಡಿನ ಶೇ. 60ರಷ್ಟು ಕನ್ನಡ ಇರಲೇಬೇಕು ಅಂತ ಸರ್ಕಾರ ಮಾಡಿದ ಮೇಲೆ ಎಷ್ಟೋ ಅಂಗಡಿಯವರು ಖರ್ಚು ಮಾಡಿ ಬೋರ್ಡ್ ಬದಲಿಸಿದರು. ಆದರೆ ಒಳಗಿನ ಕೌಂಟರ್ ಮೇಲಿನ ಕಂಪ್ಯೂಟರು? ಅದರಿಂದ ಬರೋ ಚೀಟಿ? ಅದರಲ್ಲಿ ಶೇ. 1 ಕೂಡ ಕನ್ನಡ ಇಲ್ಲ.

ಬೋರ್ಡನ್ನು ಗಿರಾಕಿ ಒಮ್ಮೆ ನೋಡಿ ಒಳಗೆ ಬರ್ತಾನೆ. ಬಿಲ್ ಅವನ ರೊಕ್ಕದ ಲೆಕ್ಕ. ಯಾವುದು ಮೊದಲು ಕನ್ನಡ ಆಗಬೇಕಿತ್ತು?

ಈ ಪ್ರಶ್ನೆ ಹಿಡಿದುಕೊಂಡು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕೆಲವು ಅಂಗಡಿಯವರನ್ನು, ಸಾಫ್ಟ್‌ವೇರ್ ಹಾಕಿಕೊಡೋ ಹುಡುಗರನ್ನು ಮಾತಾಡಿಸಿದೆ. ಎಲ್ಲರದ್ದೂ ಒಂದೇ ಮಾತು: “ಕನ್ನಡದಾಗ ಬರಂಗಿಲ್ರಿ, ಸಾಫ್ಟ್‌ವೇರ್ ಹಂಗ ಐತಿ.” ಹಂಗ ಐತಿ ಅಂದ್ರೆ ಹೆಂಗ? ಉತ್ತರ ಅಲ್ಲೇ ಇದೆ. ಕನ್ನಡಕ್ಕೆ ಪದಗಳ ಕೊರತೆ ಇಲ್ಲ. ಸಾಫ್ಟ್‌ವೇರ್ ಕಟ್ಟಿದ ರೀತಿಯಲ್ಲೇ ಕನ್ನಡಕ್ಕೆ ಜಾಗ ಬಿಟ್ಟಿಲ್ಲ.

ಜಿಎಸ್‌ಟಿ ದರ ಬದಲಾದ ದಿನ ನೆನಪು ಮಾಡಿಕೊಳ್ಳಿ

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರ ಬದಲಾಯ್ತು. 12 ಮತ್ತು 28ರ ಸ್ಲ್ಯಾಬಿನಲ್ಲಿದ್ದ ಬಹುತೇಕ ಸರಕು 5 ಮತ್ತು 18ಕ್ಕೆ ಬಂದವು. ಆಗ ನಿಮ್ಮಲ್ಲಿ ಕೆಲವರಿಗೆ ಕೆಲಸ ಹತ್ತು ನಿಮಿಷದಲ್ಲಿ ಮುಗಿಯಿತು. ಸಾಫ್ಟ್‌ವೇರಿನಲ್ಲಿ ಟ್ಯಾಕ್ಸ್ ಮಾಸ್ಟರ್ ತೆರೆದು ಹಳೆಯ ದರ ಅಳಿಸಿ ಹೊಸದು ಬರೆದರು, ಆಯ್ತು. ಇನ್ನು ಕೆಲವರು ಡೀಲರ್‌ಗೆ ಫೋನ್ ಮೇಲೆ ಫೋನ್ ಮಾಡಿ ದಿನಗಟ್ಟಲೆ ಕಾದರು.

ವ್ಯತ್ಯಾಸ ಇಷ್ಟೇ. ಮೊದಲನೆಯವರ ಸಾಫ್ಟ್‌ವೇರಿನಲ್ಲಿ ದರವನ್ನು ಬೇರೆ ಪಟ್ಟಿಯಲ್ಲಿ ಇಟ್ಟಿದ್ದರು. ಎರಡನೆಯವರ ಸಾಫ್ಟ್‌ವೇರಿನಲ್ಲಿ ದರವನ್ನು ಪ್ರೋಗ್ರಾಮಿನ ಹೊಟ್ಟೆಯೊಳಗೇ ಬರೆದುಬಿಟ್ಟಿದ್ದರು. ಹಾಗೆ ಬರೆದರೆ ಬದಲಿಸೋಕೆ ಪ್ರೋಗ್ರಾಮ್ ಬರೆದವನೇ ಬರಬೇಕು, ಕೋಡ್ ಬಿಚ್ಚಬೇಕು, ಮತ್ತೆ ಹೊಲಿಯಬೇಕು.

ಭಾಷೆಯ ಕಥೆಯೂ ಇದೇ. ‘ಬ್ಯಾಲೆನ್ಸ್’, ‘ಡಿಸ್ಕೌಂಟ್’, ‘ಥ್ಯಾಂಕ್ ಯೂ, ವಿಸಿಟ್ ಅಗೇನ್’ ಇಂಥ ಮಾತುಗಳನ್ನೆಲ್ಲ ಪ್ರೋಗ್ರಾಮ್ ಬರೆದವನು ಕೋಡಿನ ನಡುವೆ ಅಲ್ಲಲ್ಲಿ ನೇರವಾಗಿ ಬರೆದಿರ್ತಾನೆ. ಕನ್ನಡ ಬೇಕು ಅಂದ್ರೆ ಸಾವಿರಾರು ಸಾಲಿನ ಕೋಡಿನಲ್ಲಿ ಒಂದೊಂದೇ ಮಾತು ಹುಡುಕಿ ಬದಲಿಸಬೇಕು. ಮರಾಠಿ ಬೇಕು ಅಂದ್ರೆ ಇನ್ನೊಂದು ಪ್ರತಿ. ಮುಂದೆ ಒಂದು ತಪ್ಪು ಸರಿಪಡಿಸಬೇಕಾದ್ರೆ ಮೂರೂ ಪ್ರತಿಯಲ್ಲಿ ಸರಿಪಡಿಸಬೇಕು. ಯಾವ ಡೀಲರ್ ಒಪ್ತಾನೆ?

ಮಾತಿನ ಪಟ್ಟಿ ಅಂದ್ರೆ ಏನು

ಇದಕ್ಕೆ ದಾರಿ ಹೊಸದೇನಲ್ಲ, ನಮ್ಮ ವಯಸ್ಸಿನ ಹುಡುಗರು ಹುಟ್ಟೋಕೆ ಮೊದಲಿನದು. ಕಂಪ್ಯೂಟರಿನವರು ಇದನ್ನು ಮೆಸೇಜ್ ಕ್ಯಾಟಲಾಗ್ ಅಂತಾರೆ. ನಮ್ಮ ಮಾತಿನಲ್ಲಿ ಹೇಳೋದಾದ್ರೆ ಮಾತಿನ ಪಟ್ಟಿ. ಇದನ್ನು ಮಾಡೋ ಹೆಸರಾಂತ ಸಲಕರಣೆ ‘ಗೆಟ್‌ಟೆಕ್ಸ್ಟ್’. ಗ್ನೂ ಸಂಘಟನೆ ಇದರ ಉಚಿತ ಆವೃತ್ತಿಯನ್ನು 1995ರಲ್ಲೇ ಬಿಡುಗಡೆ ಮಾಡಿತು. ಇವತ್ತಿಗೂ ಪುಕ್ಕಟೆ ಸಿಗ್ತದೆ.

ನಾನು ಬಿಸಿಎ ಅರ್ಧಕ್ಕೆ ಬಿಟ್ಟವನು. ಆದರೂ ಇದು ತಿಳಿಯೋಕೆ ಕಷ್ಟ ಆಗಲಿಲ್ಲ, ನಿಮಗೂ ಆಗೋದಿಲ್ಲ. ಕೆಲಸ ನಾಲ್ಕು ಹಂತದಲ್ಲಿ ಆಗ್ತದೆ.

ಮೊದಲನೆಯದು ಗುರುತು ಹಾಕೋದು. ಪ್ರೋಗ್ರಾಮ್ ಬರೆಯೋನು ಗಿರಾಕಿಗೆ ಕಾಣೋ ಪ್ರತಿಯೊಂದು ಮಾತಿನ ಸುತ್ತ ಒಂದು ಸಣ್ಣ ಗುರುತು ಹಾಕ್ತಾನೆ. ಹೆಚ್ಚಿನ ಕಡೆ ಅದು ಒಂದು ಅಡಿಗೆರೆ, ಒಂದು ಜೋಡಿ ಕಂಸ, ಅಷ್ಟೇ. ಈ ಮಾತನ್ನು ಹಾಗೇ ತೋರಿಸಬೇಡ, ಮೊದಲು ಪಟ್ಟಿ ನೋಡು ಅಂತ ಅದರ ಅರ್ಥ.

ಎರಡನೆಯದು ಸೋಸೋದು. ಒಂದು ಸಣ್ಣ ಪ್ರೋಗ್ರಾಮ್ ಇಡೀ ಕೋಡನ್ನು ಓದಿ, ಗುರುತು ಇರೋ ಮಾತನ್ನೆಲ್ಲ ಒಂದು ಖಾಲಿ ಪಟ್ಟಿಗೆ ತಂದು ಹಾಕ್ತದೆ. ಯಾವ ಮಾತು ಯಾವ ಫೈಲಿನ ಎಷ್ಟನೇ ಸಾಲಿನಲ್ಲಿತ್ತು ಅನ್ನೋದನ್ನೂ ಬರೆದಿಡ್ತದೆ.

ಮೂರನೆಯದು ತುಂಬೋದು. ಆ ಖಾಲಿ ಪಟ್ಟಿಯ ಒಂದೊಂದು ಪ್ರತಿ ಒಂದೊಂದು ಭಾಷೆಗೆ. ಇದನ್ನು ಪಿಓ ಫೈಲ್ ಅಂತಾರೆ. ಮೇಲೆ ಇಂಗ್ಲಿಷ್ ಮಾತು, ಕೆಳಗೆ ಖಾಲಿ ಜಾಗ. ಆ ಜಾಗದಲ್ಲಿ ಕನ್ನಡ ಬರೆಯಬೇಕು. ಈ ಕೆಲಸಕ್ಕೆ ಕೋಡ್ ಬರಬೇಕಾಗಿಲ್ಲ. ಕನ್ನಡ ಬರಬೇಕು, ವ್ಯಾಪಾರ ಗೊತ್ತಿರಬೇಕು.

ನಾಲ್ಕನೆಯದು ಜೋಡಿಸೋದು. ತುಂಬಿದ ಪಟ್ಟಿಯನ್ನು ಕಂಪ್ಯೂಟರಿಗೆ ಬೇಗ ಓದೋಕೆ ಆಗೋ ಹಾಗೆ ಕಟ್ಟಿ ಪ್ರೋಗ್ರಾಮಿನ ಪಕ್ಕದಲ್ಲಿ ಇಡ್ತಾರೆ. ಕನ್ನಡಕ್ಕೆ ಜಗತ್ತಿನಾದ್ಯಂತ ‘ಕೆ, ಎನ್’ ಅನ್ನೋ ಎರಡು ಅಕ್ಷರದ ಗುರುತು ಇದೆ, ಮರಾಠಿಗೆ ‘ಎಂ, ಆರ್’. ಸೆಟ್ಟಿಂಗ್‌ನಲ್ಲಿ ಕನ್ನಡ ಆರಿಸಿದರೆ ಕನ್ನಡ ಪಟ್ಟಿ, ಮರಾಠಿ ಆರಿಸಿದರೆ ಮರಾಠಿ ಪಟ್ಟಿ. ಪ್ರೋಗ್ರಾಮ್ ಒಂದೇ.

ಪಟ್ಟಿಯಲ್ಲಿ ಒಂದು ಮಾತು ತುಂಬದೆ ಉಳಿದರೆ ಏನಾಗ್ತದೆ? ಅಂಗಡಿ ಬಂದ್ ಆಗೋದಿಲ್ಲ. ಆ ಒಂದು ಮಾತು ಇಂಗ್ಲಿಷಿನಲ್ಲೇ ಬರ್ತದೆ, ಉಳಿದದ್ದು ಕನ್ನಡದಲ್ಲಿ. ಇನ್ನೊಂದು ಕಾವಲೂ ಇದೆ. ಇಂಗ್ಲಿಷ್ ಮಾತು ‘7 ದಿನದಲ್ಲಿ ಕಟ್ಟಿ’ ಅಂತ ಇದ್ದದ್ದು ಮುಂದೆ ‘15 ದಿನದಲ್ಲಿ ಕಟ್ಟಿ’ ಅಂತ ಬದಲಾಯ್ತು ಅನ್ನಿ. ಪಟ್ಟಿ ಹೊಸದು ಮಾಡುವಾಗ ಸಲಕರಣೆ ಹಳೆಯ ಕನ್ನಡ ಸಾಲಿನ ಮೇಲೆ ‘ಅನುಮಾನ’ ಅಂತ ಗುರುತು ಹಾಕಿ ಪಕ್ಕಕ್ಕೆ ಇಡ್ತದೆ. ಮನುಷ್ಯ ನೋಡಿ ಸರಿ ಅನ್ನೋವರೆಗೆ ಬಳಸೋದಿಲ್ಲ. ತಪ್ಪು ಕನ್ನಡಕ್ಕಿಂತ ಸರಿಯಾದ ಇಂಗ್ಲಿಷ್ ಮೇಲು ಅನ್ನೋ ಲೆಕ್ಕ. ರೊಕ್ಕದ ವಿಷಯದಲ್ಲಿ ಇದು ಸರಿಯಾದ ಲೆಕ್ಕವೇ.

ಐದು ತಾಲೂಕಿನ ಹೆಸರೇ ಪಾಠ

ಹಾಗಾದ್ರೆ ಗುರುತು ಹಾಕಿ ಪಟ್ಟಿ ಮಾಡಿದರೆ ಮುಗೀತಾ? ಇಲ್ಲ. ಇಂಗ್ಲಿಷ್ ತಲೆಯಲ್ಲಿ ಬರೆದ ಪ್ರೋಗ್ರಾಮ್ ಕನ್ನಡಕ್ಕೆ ಬಂದಾಗ ನಾಲ್ಕು ಕಡೆ ಎಡವುತ್ತೆ. ಕೋಡ್ ತಯಾರು ಮಾಡೋದು ಅಂದ್ರೆ ಈ ನಾಲ್ಕು ಕಡೆ ಮೊದಲೇ ಹಾದಿ ಸರಿ ಮಾಡೋದು.

ಒಂದು, ಊರಿನ ಹೆಸರು. ಟಿಕೆಟ್ ಪ್ರೋಗ್ರಾಮಿನಲ್ಲಿ ಇಂಗ್ಲಿಷಿನವನು ‘ಟು’ ಅಂತ ಬರೆದು ಮುಂದೆ ಊರಿನ ಹೆಸರು ಅಂಟಿಸ್ತಾನೆ. ಎಲ್ಲ ಊರಿಗೂ ಒಂದೇ ‘ಟು’. ನಮ್ಮಲ್ಲಿ? ಚಿಕ್ಕೋಡಿಗೆ, ನಿಪ್ಪಾಣಿಗೆ, ಅಥಣಿಗೆ. ಆದರೆ ರಾಯಬಾಗಕ್ಕೆ, ಕಾಗವಾಡಕ್ಕೆ. ಮೂರು ಊರಿಗೆ ‘ಗೆ’, ಎರಡು ಊರಿಗೆ ‘ಕ್ಕೆ’. ‘ಟು’ ಬದಲು ‘ಗೆ’ ಅಂತ ಪಟ್ಟಿಯಲ್ಲಿ ಬರೆದರೆ ‘ರಾಯಬಾಗಗೆ’ ಅಂತ ಅಚ್ಚಾಗ್ತದೆ. ಇದಕ್ಕೆ ಉಪಾಯ ಇದೆ. ಮಾತನ್ನು ತುಂಡು ಮಾಡಿ ಅಂಟಿಸದೆ ಇಡೀ ಸಾಲನ್ನೇ ಪಟ್ಟಿಗೆ ಕೊಟ್ಟರೆ ಅನುವಾದ ಮಾಡೋನು ‘ತಲುಪುವ ಊರು: ರಾಯಬಾಗ’ ಅಂತ ಬರೆದು ಪಾರಾಗ್ತಾನೆ. ತುಂಡು ಕೊಟ್ಟರೆ ಅವನ ಕೈ ಕಟ್ಟಿದ ಹಾಗೆ.

ಎರಡು, ಮಾತಿನ ಸರದಿ. ಇಂಗ್ಲಿಷಿನಲ್ಲಿ ‘ರಿಸೀವ್ಡ್’ ಮೊದಲು, ಆಮೇಲೆ ರೊಕ್ಕ, ಕೊನೆಗೆ ಕೊಟ್ಟವರ ಹೆಸರು. ಕನ್ನಡದಲ್ಲಿ ಹೆಸರು ಮೊದಲು, ರೊಕ್ಕ ಆಮೇಲೆ, ‘ಬಂದಿದೆ’ ಅನ್ನೋದು ಕೊನೆಗೆ. ಪ್ರೋಗ್ರಾಮ್ ಬರೆದವನು ಮೂರು ತುಂಡು ಸಾಲಾಗಿ ಅಂಟಿಸಿದ್ರೆ ಕನ್ನಡದಲ್ಲಿ ‘ಬಂದಿದೆ 500 ಇಂದ ಬಸಪ್ಪ’ ಆಗ್ತದೆ. ಖಾಲಿ ಜಾಗಗಳಿಗೆ ಒಂದನೇದು, ಎರಡನೇದು ಅಂತ ನಂಬರ್ ಕೊಟ್ಟು ಇಡೀ ಸಾಲನ್ನು ಪಟ್ಟಿಗೆ ಕೊಟ್ಟರೆ ಅನುವಾದಕ ಹಿಂದೆ ಮುಂದೆ ಮಾಡಿಕೊಳ್ತಾನೆ.

ಮೂರು, ಒಂದು ಮತ್ತು ಹಲವು. ಇಂಗ್ಲಿಷಿನಲ್ಲಿ ಒಂದಕ್ಕಿಂತ ಹೆಚ್ಚಾದ್ರೆ ಪದದ ಬಾಲಕ್ಕೆ ‘ಎಸ್’ ಅಂಟಿಸ್ತಾರೆ. ಕೆಲವರು ಆ ‘ಎಸ್’ ಅನ್ನು ಕೋಡಿನಲ್ಲೇ ಇಟ್ಟಿರ್ತಾರೆ. ಆಗ ಐದು ಚೀಲ ಗೊಬ್ಬರ ಒಯ್ದರೆ ಕನ್ನಡ ಚೀಲದ ಬಾಲಕ್ಕೆ ಇಂಗ್ಲಿಷ್ ‘ಎಸ್’ ನೇತಾಡ್ತದೆ. ನಾವು ‘ಐದು ಚೀಲ’ ಅಂತೀವಿ, ‘ಐದು ಚೀಲಗಳು’ ಅಂತ ಅಂಗಡಿಯಲ್ಲಿ ಯಾರು ಅಂತಾರೆ? ಆದರೆ ಮನುಷ್ಯರಿಗೆ ‘ಒಬ್ಬ’, ‘ಇಬ್ಬರು’ ಅನ್ನಲೇಬೇಕು. ಗೆಟ್‌ಟೆಕ್ಸ್ಟ್‌ನಲ್ಲಿ ಒಂದಕ್ಕೆ ಬೇರೆ ಸಾಲು, ಹೆಚ್ಚಿಗೆ ಬೇರೆ ಸಾಲು ಬರೆಯೋ ವ್ಯವಸ್ಥೆ ಇದೆ. ಪ್ರೋಗ್ರಾಮರ್ ಅದನ್ನು ಬಳಸಿದ್ರೆ ಮಾತ್ರ ಅನುವಾದಕನಿಗೆ ಆ ಅವಕಾಶ ಸಿಗ್ತದೆ.

ನಾಲ್ಕು, ಕಾಕಾನ ಕಥೆ. ಒಂದೇ ಪದ, ಎರಡು ಅರ್ಥ. ‘ಬ್ಯಾಲೆನ್ಸ್’ ಅಂದ್ರೆ ಗಿರಾಕಿ ಕೊಡಬೇಕಾದ ಬಾಕಿಯೂ ಹೌದು, ಗೋದಾಮಿನಲ್ಲಿ ಉಳಿದ ಮಾಲೂ ಹೌದು. ‘ಕ್ರೆಡಿಟ್’ ಬ್ಯಾಂಕಿನಲ್ಲಿ ಜಮಾ, ಅಂಗಡಿಯಲ್ಲಿ ಉದ್ರಿ. ಎರಡೂ ಕಡೆ ಒಂದೇ ‘ಕ್ರೆಡಿಟ್’ ಅಂತ ಪಟ್ಟಿಗೆ ಬಂದ್ರೆ ಅನುವಾದಕ ಒಂದೇ ಕನ್ನಡ ಪದ ಬರೀತಾನೆ, ಒಂದು ಕಡೆ ಖಂಡಿತ ತಪ್ಪಾಗ್ತದೆ. ಉದ್ರಿ ಇದ್ದಲ್ಲಿ ಜಮಾ ಅಂತ ಬಂದ್ರೆ ಲೆಕ್ಕವೇ ತಲೆಕೆಳಗು. ಇದಕ್ಕೂ ವ್ಯವಸ್ಥೆ ಇದೆ. ಪ್ರತಿ ಪದದ ಜೊತೆ ‘ಇದು ಬಿಲ್ಲಿನ ಕೊನೆಯ ಸಾಲು’, ‘ಇದು ಸ್ಟಾಕ್ ಪಟ್ಟಿಯ ತಲೆಬರಹ’ ಅಂತ ಸಂದರ್ಭದ ಚೀಟಿ ಅಂಟಿಸಬಹುದು. ಆಗ ಪಟ್ಟಿಯಲ್ಲಿ ಎರಡು ಬೇರೆ ಬೇರೆ ಸಾಲು ಬರ್ತವೆ. ಒಂದಕ್ಕೆ ‘ನೀವು ಕೊಡಬೇಕಾದ ಬಾಕಿ’, ಇನ್ನೊಂದಕ್ಕೆ ‘ಉಳಿದ ಮಾಲು’.

ಈ ಚೀಟಿ ಅಂಟಿಸೋಕೆ ಪ್ರೋಗ್ರಾಮರ್‌ಗೆ ಅರ್ಧ ನಿಮಿಷ ಸಾಕು. ಅಂಟಿಸಲಿಲ್ಲ ಅಂದ್ರೆ ಕಾಕಾ ಕೌಂಟರ್ ಮುಂದೆ ನಿಂತು “ಬರೂದೋ, ಕೊಡೂದೋ” ಅಂತ ಕೇಳಬೇಕು.

ಕಾಟಾ ಚೀಟಿಯಲ್ಲಿ ಮೂರೇ ಪದ

ಬಿಲ್ ಬಿಡಿ, ಇದಕ್ಕಿಂತ ದೊಡ್ಡದು ಕಬ್ಬಿನ ತೂಕ. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಕಬ್ಬಿನ ದರಕ್ಕಾಗಿ ದಿನಗಟ್ಟಲೆ ಕೂತದ್ದು ಇಡೀ ರಾಜ್ಯ ನೋಡಿತು. ಟನ್ನಿಗೆ ಇಷ್ಟು ಅಂತ ದರ ಎಷ್ಟೇ ಏರಲಿ, ಕೊನೆಗೆ ರೊಕ್ಕ ಬರೋದು ದರ ಮತ್ತು ತೂಕದ ಗುಣಾಕಾರದಿಂದ. ದರ ಕನ್ನಡದಲ್ಲಿ ಘೋಷಣೆ ಆಗ್ತದೆ. ತೂಕ?

ವೇಬ್ರಿಡ್ಜ್ ಕಾಟಾದ ಚೀಟಿಯಲ್ಲಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಮೂರು ಪದ ಇರ್ತವೆ: ಗ್ರಾಸ್, ಟೇರ್, ನೆಟ್. ಗ್ರಾಸ್ ಅಂದ್ರೆ ಮಾಲು ತುಂಬಿದ ಗಾಡಿಯ ಒಟ್ಟು ತೂಕ. ಟೇರ್ ಅಂದ್ರೆ ಖಾಲಿ ಗಾಡಿಯ ತೂಕ. ನೆಟ್ ಅಂದ್ರೆ ಒಟ್ಟು ತೂಕದಲ್ಲಿ ಖಾಲಿ ಗಾಡಿ ಕಳೆದು ಉಳಿದ ಮಾಲಿನ ತೂಕ. ರೈತನಿಗೆ ರೊಕ್ಕ ಬರೋದು ಮೂರನೆಯದಕ್ಕೆ. ಖಾಲಿ ಗಾಡಿಯ ತೂಕ ಜಾಸ್ತಿ ಬರೆದರೆ ಮಾಲಿನ ತೂಕ ಕಡಿಮೆ ಆಗ್ತದೆ. ಹಾಗಾಗಿ ಅನುಮಾನ ಇದ್ದವನು ನೋಡಬೇಕಾದ್ದು ಎರಡನೇ ಸಾಲು. ಅದು ಯಾವ ಸಾಲು ಅಂತ ಓದೋಕೇ ಬರದಿದ್ದರೆ ಏನು ನೋಡ್ತಾನೆ?

‘ಒಟ್ಟು ತೂಕ, ಖಾಲಿ ಗಾಡಿ ತೂಕ, ಮಾಲಿನ ತೂಕ.’ ಇಷ್ಟೇ ಮೂರು ಸಾಲು ಪಟ್ಟಿಯಲ್ಲಿ ತುಂಬಬೇಕು. ತೂಕದ ಸಾಫ್ಟ್‌ವೇರ್ ಬರೆದವನು ಆ ಮೂರು ಪದಕ್ಕೆ ಗುರುತು ಹಾಕಿದ್ದರೆ ಐದು ನಿಮಿಷದ ಕೆಲಸ. ಹಾಕಿಲ್ಲ ಅಂದ್ರೆ ಕೋರ್ಟ್ ಕಚೇರಿ ಅಲೆದರೂ ಆಗದ ಕೆಲಸ. ತೂಕದ ಬಗ್ಗೆ ಹೋರಾಟ ಮಾಡೋ ಸಂಘಟನೆಗಳು ಬೇಡಿಕೆ ಪಟ್ಟಿಯಲ್ಲಿ ಇದೊಂದನ್ನೂ ಸೇರಿಸಿದರೆ ನಷ್ಟ ಇಲ್ಲ.

ಪ್ರಿಂಟರ್ ತಕರಾರು

ಇಲ್ಲಿ ಡೀಲರ್‌ಗಳ ಮಾತನ್ನೂ ಕೇಳಬೇಕು. ಅವರ ಒಂದು ತಕರಾರು ನಿಜ. ಅಂಗಡಿಯಲ್ಲಿರೋ ಎರಡು ಇಂಚಿನ ಸಣ್ಣ ಥರ್ಮಲ್ ಪ್ರಿಂಟರಿನ ಒಳಗೆ ಸಾಮಾನ್ಯವಾಗಿ ಇಂಗ್ಲಿಷ್ ಅಕ್ಷರ ಮಾತ್ರ ಕೂಡಿಸಿರ್ತಾರೆ. ಕನ್ನಡ ಕಳಿಸಿದ್ರೆ ಪ್ರಶ್ನೆ ಚಿಹ್ನೆ, ಚೌಕ ಡಬ್ಬಿ ಬರ್ತವೆ. ಒತ್ತಕ್ಷರ, ದೀರ್ಘ ಸೇರಿಸಿ ಕೂಡಿಸೋದು ಆ ಪುಟ್ಟ ಮಷಿನ್‌ಗೆ ಗೊತ್ತಿಲ್ಲ.

ಉಪಾಯ ಏನಂದ್ರೆ ಕನ್ನಡ ಸಾಲನ್ನು ಕಂಪ್ಯೂಟರ್ ಅಥವಾ ಮೊಬೈಲ್ ತಾನೇ ಚಿತ್ರ ಮಾಡಿ ಪ್ರಿಂಟರಿಗೆ ಕಳಿಸಬೇಕು. ಫೋಟೋ ಪ್ರಿಂಟ್ ಆದ ಹಾಗೆ ಕನ್ನಡ ಪ್ರಿಂಟ್ ಆಗ್ತದೆ. ಸ್ವಲ್ಪ ನಿಧಾನ, ಆದರೆ ಆಗ್ತದೆ. ಇನ್ನೊಂದು ತೊಂದರೆ ಅಗಲದ್ದು. ಆ ಕಾಗದದ ಮೇಲೆ ಒಂದು ಸಾಲಿಗೆ ಸುಮಾರು 32 ಇಂಗ್ಲಿಷ್ ಅಕ್ಷರ ಹಿಡಿಸ್ತವೆ. ಕನ್ನಡ ಪದ ಉದ್ದ. ‘ಡಿಸ್ಕೌಂಟ್’ಗೆ ‘ರಿಯಾಯಿತಿ ಮೊತ್ತ’ ಅಂತ ಬರೆದರೆ ಅಂಕಿಗೆ ಜಾಗ ಉಳಿಯೋದಿಲ್ಲ. ‘ಸೂಟ್’ ಅಂತ ಬರೆದರೆ ನಮ್ಮ ಕಡೆ ಎಲ್ಲರಿಗೂ ತಿಳೀತದೆ, ಜಾಗವೂ ಉಳೀತದೆ. ಅದಕ್ಕೇ ಪಟ್ಟಿ ತುಂಬೋನು ಅಂಗಡಿ ಕೌಂಟರ್ ನೋಡಿದವನಾಗಿರಬೇಕು ಅನ್ನೋದು.

ಮಷಿನ್ನೇ ಅನುವಾದ ಮಾಡಲಿ ಅಂದ್ರೆ

“ಈಗ ಎಐ ಐತೆಲ್ಲಣ್ಣ, ಒಂದು ಗುಂಡಿ ಒತ್ತಿದ್ರ ಎಲ್ಲಾ ಕನ್ನಡ ಆಗ್ತೈತಿ” ಅಂದ ಒಬ್ಬ ಹುಡುಗ. ಗೂಗಲ್ ಅನುವಾದಕ್ಕೆ ಕನ್ನಡ ಬಂದದ್ದು 2011ರಲ್ಲಿ. ಕೇಂದ್ರ ಸರ್ಕಾರ ‘ಭಾಷಿಣಿ’ ಶುರು ಮಾಡಿದ್ದು 2022ರಲ್ಲಿ. ಇವು ಉಪಯೋಗಕ್ಕೆ ಬರೋದಿಲ್ಲ ಅಂತ ಹೇಳಲಾರೆ. ಪಟ್ಟಿಯ ಮೊದಲ ಕರಡು ಮಷಿನ್ ತುಂಬಲಿ, ತಪ್ಪಿಲ್ಲ.

ಆದರೆ 2025ರ ಜುಲೈ ಮರೆಯಬಾರದು. ಹಿರಿಯ ನಟಿ ಬಿ. ಸರೋಜಾದೇವಿ ತೀರಿಕೊಂಡಾಗ ಮುಖ್ಯಮಂತ್ರಿ ಸಿದ್ದರಾಮಯ್ಯ ಕನ್ನಡದಲ್ಲಿ ಸಂತಾಪ ಸಂದೇಶ ಹಾಕಿದರು. ಮೆಟಾ ಕಂಪನಿಯ ಯಂತ್ರಾನುವಾದ ಅದನ್ನು ಇಂಗ್ಲಿಷಿಗೆ ತರುವಾಗ ಮುಖ್ಯಮಂತ್ರಿಯೇ ತೀರಿಕೊಂಡರು ಅನ್ನೋ ಅರ್ಥ ಬರೋ ಹಾಗೆ ಮಾಡಿತು. ಮುಖ್ಯಮಂತ್ರಿ ಬಹಿರಂಗವಾಗಿ ಆಕ್ಷೇಪ ಎತ್ತಿದರು, ಕಂಪನಿ ಕ್ಷಮೆ ಕೇಳಿ ಸರಿಪಡಿಸಿತು. ಮುಖ್ಯಮಂತ್ರಿಯ ವಿಷಯ ಆದ್ದರಿಂದ ಎರಡು ದಿನದಲ್ಲಿ ಸರಿ ಹೋಯ್ತು. ರಾಯಬಾಗದ ರೈತನ ಬಿಲ್ಲಿನಲ್ಲಿ ತಪ್ಪಾದರೆ ಯಾರು ಕ್ಷಮೆ ಕೇಳ್ತಾರೆ?

ಮಾತಿನ ಪಟ್ಟಿ ಇದ್ದರೆ ಮಷಿನ್ ತುಂಬಿದ್ದನ್ನು ಮನುಷ್ಯ ಒಮ್ಮೆ ಓದಿ ಸರಿ ಮಾಡಬಹುದು. ಒಮ್ಮೆ ಸರಿ ಮಾಡಿದ ಸಾಲು ಎಲ್ಲ ಅಂಗಡಿಯಲ್ಲೂ ಸರಿಯಾಗೇ ಬರ್ತದೆ. ಪಟ್ಟಿಯೇ ಇಲ್ಲದಿದ್ದರೆ ಮಷಿನ್‌ಗೆ ಕೊಡೋಕೂ ಏನಿಲ್ಲ, ಮನುಷ್ಯನಿಗೆ ತಿದ್ದೋಕೂ ಏನಿಲ್ಲ.

ಕನ್ನಡಕ್ಕೆ ಇದು ಹೊಸದಲ್ಲ

ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡೋ ಸಮಸ್ಯೆ ಎಂದೋ ಬಗೆಹರಿದಿದೆ. 1998ರಲ್ಲಿ ಶೇಷಾದ್ರಿವಾಸು ‘ಬರಹ’ ತಂದರು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರಿ ಕಚೇರಿಗಳಿಗೆ ಬಂತು. ಪಹಣಿಯನ್ನು ‘ಭೂಮಿ’ ಯೋಜನೆ ಕಂಪ್ಯೂಟರಿಗೆ ತಂದಾಗ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆ ಕನ್ನಡದಲ್ಲೇ ಬಂದವು. ಅದನ್ನು ಕರ್ನಾಟಕಕ್ಕೇ ಅಂತ ಮಾಡಿದ್ದರಿಂದ ಕನ್ನಡ ಮೊದಲಿನಿಂದಲೇ ಇತ್ತು.

ಬೇರೆ ಕಡೆ ಹುಟ್ಟಿದ ಸಾಫ್ಟ್‌ವೇರ್ ಕನ್ನಡಕ್ಕೆ ಬಂದದ್ದು ಇನ್ನೊಂದು ದಾರಿಯಲ್ಲಿ. ಲಿನಕ್ಸ್‌ನ ಗ್ನೋಮ್, ಕೆಡಿಇ, ಲೆಕ್ಕ ಪತ್ರ ಬರೆಯೋ ಲಿಬ್ರೆಆಫೀಸ್, ಸಣ್ಣ ಸಣ್ಣ ಸುದ್ದಿ ತಾಣಗಳು ನಡೆಯೋ ವರ್ಡ್‌ಪ್ರೆಸ್ ಇವೆಲ್ಲವೂ ಪಿಓ ಪಟ್ಟಿಯ ಮೂಲಕವೇ ಕನ್ನಡಕ್ಕೆ ಬಂದವು. ಪಟ್ಟಿ ತುಂಬಿದವರಲ್ಲಿ ಬಹಳಷ್ಟು ಜನ ಸ್ವಯಂಸೇವಕರು. ಅವರು ಯಾರ ಕೋಡನ್ನೂ ಬಿಚ್ಚಲಿಲ್ಲ. ಕೋಡ್ ಬರೆದವರು ಮೊದಲೇ ಜಾಗ ಬಿಟ್ಟಿದ್ದರು, ಇವರು ತುಂಬಿದರು. ಅಂಗಡಿ ಲೆಕ್ಕಕ್ಕೆ ಬರೋ ಇಆರ್‌ಪಿನೆಕ್ಸ್ಟ್ ಅನ್ನೋ ಸಾಫ್ಟ್‌ವೇರ್ ಮುಂಬೈನಲ್ಲಿ ಹುಟ್ಟಿದ್ದು, ಅದರಲ್ಲೂ ಪ್ರತಿ ಮಾತಿಗೆ ಇದೇ ಅಡಿಗೆರೆ ಗುರುತು ಇದೆ.

ಮೊಬೈಲ್ ಆ್ಯಪ್‌ಗಳಿಗಂತೂ ನೆಪವೇ ಇಲ್ಲ. ಆಂಡ್ರಾಯ್ಡ್‌ನಲ್ಲಿ ಮಾತುಗಳನ್ನು ಬೇರೆ ಫೈಲಿನಲ್ಲಿ ಇಡೋ ಪದ್ಧತಿ ಮೊದಲಿನಿಂದ ಇದೆ. ಕೋಡಿನ ನಡುವೆ ನೇರವಾಗಿ ಮಾತು ಬರೆದರೆ ಆ್ಯಪ್ ಕಟ್ಟೋ ಸಲಕರಣೆಯೇ ಎಚ್ಚರಿಕೆ ಕೊಡ್ತದೆ. ಆ ಎಚ್ಚರಿಕೆಯನ್ನು ನೋಡಿಯೂ ನೋಡದ ಹಾಗೆ ಮಾಡಿದಾಗಲೇ ನಮಗೆ ಇಂಗ್ಲಿಷ್ ಆ್ಯಪ್ ಸಿಗೋದು.

ನಿಮ್ಮ ಕೌಂಟರ್ ಮೇಲಿನ ಯುಪಿಐ ಸೌಂಡ್‌ಬಾಕ್ಸ್ ನೋಡಿ. ಅದೇ ಡಬ್ಬಿ ಚಿಕ್ಕೋಡಿಯಲ್ಲಿ ಕನ್ನಡ ಮಾತಾಡ್ತದೆ, ಕೊಲ್ಲಾಪುರದಲ್ಲಿ ಮರಾಠಿ ಮಾತಾಡ್ತದೆ. ಫೋನ್‌ಪೇ ಡಬ್ಬಿಗೆ ಕಿಚ್ಚ ಸುದೀಪ್ ದನಿ ಕೂಡ ಬಂತು. ಡಬ್ಬಿ ಒಂದೇ, ಮಾತು ಬೇರೆ ಬೇರೆ. ಸಾವಿರ ರೂಪಾಯಿಯ ಡಬ್ಬಿಗೆ ಆಗೋದು ಹತ್ತಾರು ಸಾವಿರ ಕೊಟ್ಟ ಬಿಲ್ಲಿಂಗ್ ಸಾಫ್ಟ್‌ವೇರಿಗೆ ಯಾಕೆ ಆಗೋದಿಲ್ಲ?

ಗಡಿಯಲ್ಲಿ ಒಂದಲ್ಲ, ಎರಡು ಪಟ್ಟಿ ಬೇಕು

ನಮ್ಮ ಭಾಗದ ವಿಷಯ ಬೆಂಗಳೂರಿನ ಹಾಗಲ್ಲ. ನಿಪ್ಪಾಣಿಯ ಅಂಗಡಿಯಲ್ಲಿ ಒಬ್ಬ ಗಿರಾಕಿ ಕನ್ನಡ, ಮುಂದಿನವರು ಮರಾಠಿ. ಕಾಗವಾಡಕ್ಕೆ ಮಿರಜ ಕಡೆಯಿಂದ ಜನ ಬರ್ತಾರೆ. ಜತ್ತ ತಾಲೂಕಿನ ಕನ್ನಡಿಗರು ಅಥಣಿ ಪೇಟೆಗೆ ಬರ್ತಾರೆ, ಅವರು ಮಹಾರಾಷ್ಟ್ರದವರು, ಆದರೆ ಓದೋದು ಕನ್ನಡ ಬಿಲ್.

ಭಾಷೆಯ ಹೆಸರಿನಲ್ಲಿ ಇಲ್ಲಿ ಬಸ್ಸಿಗೆ ಮಸಿ ಬಳಿದದ್ದನ್ನೂ ನೋಡಿದ್ದೇವೆ, ಕಲ್ಲು ಬಿದ್ದದ್ದನ್ನೂ ನೋಡಿದ್ದೇವೆ. ಬೋರ್ಡಿನಲ್ಲಿ ಜಾಗ ಒಂದೇ, ಅದಕ್ಕೇ ಅಲ್ಲಿ ಶೇಕಡಾ ಲೆಕ್ಕ ಬರ್ತದೆ, ಜಗಳ ಬರ್ತದೆ. ಬಿಲ್ಲಿನಲ್ಲಿ ಹಾಗಿಲ್ಲ. ಒಂದೇ ಪ್ರೋಗ್ರಾಮಿಗೆ ಕನ್ನಡ ಪಟ್ಟಿಯೂ ಇರಲಿ, ಮರಾಠಿ ಪಟ್ಟಿಯೂ ಇರಲಿ. ಗಿರಾಕಿಯನ್ನು ಕೇಳಿ ಗುಂಡಿ ಒತ್ತಿದರೆ ಅವರ ಭಾಷೆಯಲ್ಲಿ ಚೀಟಿ. ಒಬ್ಬರ ಕನ್ನಡ ಇನ್ನೊಬ್ಬರ ಮರಾಠಿಯನ್ನು ಕಿತ್ತುಕೊಳ್ಳೋದಿಲ್ಲ.

ಯಾರ ಮೇಲೆ ಹೊರೆ

2025ರ ಮೇ ತಿಂಗಳಲ್ಲಿ ಆನೇಕಲ್ ತಾಲೂಕಿನ ಒಂದು ಬ್ಯಾಂಕ್ ಶಾಖೆಯ ಮ್ಯಾನೇಜರ್ ಕನ್ನಡ ಮಾತಾಡೋದಿಲ್ಲ ಅಂದಾಗ ರಾಜ್ಯ ಎದ್ದು ನಿಂತಿತು. ಮ್ಯಾನೇಜರ್ ವರ್ಗ ಆಯ್ತು. ಮನುಷ್ಯ ಕನ್ನಡ ಬೇಡ ಅಂದ್ರೆ ಕಾಣ್ತದೆ, ವಿಡಿಯೋ ಆಗ್ತದೆ. ಮಷಿನ್ ದಿನಾ ಬೇಡ ಅಂದ್ರೂ ಯಾರಿಗೂ ಕಾಣೋದಿಲ್ಲ.

ಸಾಫ್ಟ್‌ವೇರ್ ಮಾಡೋ ಹುಡುಗನನ್ನು ಕೇಳಿದರೆ, “ಯಾರೂ ಕೇಳಂಗಿಲ್ಲಣ್ಣ, ಕೇಳಿದ್ರ ಮಾಡ್ತೀನಿ” ಅಂದ. ಅಂಗಡಿಯವರನ್ನು ಕೇಳಿದರೆ, “ಅವರು ಕೊಡಂಗಿಲ್ಲ” ಅಂದರು. ಇಬ್ಬರ ನಡುವೆ ಕಾಕಾ ನಿಂತಿದ್ದಾರೆ. ಕೆಲವು ಅಂಗಡಿಯವರಿಗೆ ಇಂಗ್ಲಿಷ್ ಬಿಲ್ ಇದ್ದರೆ ಅಂಗಡಿಗೆ ಒಂದು ತೂಕ ಅನ್ನೋ ಭಾವನೆಯೂ ಇದೆ, ಅದನ್ನೂ ಮುಚ್ಚಿಡಬಾರದು.

ಸರ್ಕಾರದ ಕೆಲಸವೂ ಇದೆ. ಬೋರ್ಡಿಗೆ ನಿಯಮ ಮಾಡಿದ ಹಾಗೆ, ಎಪಿಎಂಸಿ, ಸೊಸೈಟಿ, ಪುರಸಭೆಗೆ ಸಾಫ್ಟ್‌ವೇರ್ ಕೊಳ್ಳುವಾಗ ಟೆಂಡರಿನಲ್ಲಿ ಒಂದು ಸಾಲು ಸೇರಿಸಿದರೆ ಸಾಕು: ಗಿರಾಕಿಗೆ ಕಾಣೋ ಎಲ್ಲ ಮಾತು ಬೇರೆ ಪಟ್ಟಿಯಲ್ಲಿರಬೇಕು, ಆ ಪಟ್ಟಿ ಕೊಂಡವರ ಕೈಗೆ ಸಿಗಬೇಕು. ‘ಕನ್ನಡದಲ್ಲಿ ಇರಬೇಕು’ ಅಂತ ಮಾತ್ರ ಬರೆದರೆ ನಾಲ್ಕು ತಲೆಬರಹ ಕನ್ನಡ ಮಾಡಿ ಕೈ ತೊಳೆದುಕೊಳ್ತಾರೆ.

ಇಲ್ಲಿನ ಬಿಸಿಎ ಹುಡುಗ ಹುಡುಗಿಯರಿಗೂ ಇದು ಒಳ್ಳೆಯ ಪ್ರಾಜೆಕ್ಟ್. ಪ್ರತಿ ವರ್ಷ ಲೈಬ್ರರಿ ಮ್ಯಾನೇಜ್‌ಮೆಂಟ್ ಅಂತ ಒಂದೇ ಪ್ರಾಜೆಕ್ಟನ್ನು ತಿರುಗಿಸಿ ಸಲ್ಲಿಸೋ ಬದಲು, ಊರಿನ ಒಂದು ಕಾಟಾದ ಪ್ರೋಗ್ರಾಮಿಗೆ ಗುರುತು ಹಾಕಿ ಎರಡು ಭಾಷೆಯ ಪಟ್ಟಿ ಮಾಡಿಕೊಡಲಿ. ನಾನು ಓದುವಾಗ ಇದನ್ನು ಯಾರೂ ಹೇಳಿಕೊಡಲಿಲ್ಲ.

ಮುಂದಿನ ಸಲ ಕೇಳಬೇಕಾದ ಐದು ಪ್ರಶ್ನೆ

ಹೊಸ ಸಾಫ್ಟ್‌ವೇರ್ ಕೊಳ್ಳುವಾಗ, ಅಥವಾ ವರ್ಷದ ಎಎಂಸಿ ಕಟ್ಟುವಾಗ ಡೀಲರ್‌ಗೆ ಇಷ್ಟು ಕೇಳಿ. ಉತ್ತರ ಬಾಯಿಮಾತಿನಲ್ಲಿ ಬೇಡ, ತೋರಿಸೋಕೆ ಹೇಳಿ.

1. ಬಿಲ್ಲಿನ ಮೇಲಿನ ಮಾತು ಬೇರೆ ಪಟ್ಟಿಯಲ್ಲಿವೆಯಾ, ಕೋಡಿನ ಒಳಗಿವೆಯಾ? ನನಗೆ ಆ ಪಟ್ಟಿ ತೋರಿಸಿ.

2. ಪಟ್ಟಿಯಲ್ಲಿ ನಾನೇ ಕನ್ನಡ ತಿದ್ದಬಹುದಾ? ‘ಸಾಲ’ ಅಂತ ಇದ್ದಲ್ಲಿ ‘ಉದ್ರಿ’ ಮಾಡೋಕೆ ನಿಮಗೆ ಫೋನ್ ಮಾಡಬೇಕಾ?

3. ‘ಬ್ಯಾಲೆನ್ಸ್’ ಅನ್ನೋ ಪದ ಬಿಲ್ಲಿನಲ್ಲಿ ಮತ್ತು ಸ್ಟಾಕಿನಲ್ಲಿ ಬೇರೆ ಬೇರೆ ಕನ್ನಡಕ್ಕೆ ಬರ್ತದಾ?

4. ನನ್ನ ಈಗಿನ ಪ್ರಿಂಟರಿನಲ್ಲೇ ಕನ್ನಡ ಚೀಟಿ ಹೊಡೆದು ತೋರಿಸಿ. ಒತ್ತಕ್ಷರ ಸರಿ ಬರ್ತದಾ, 1,00,000 ಅನ್ನೋ ಅಲ್ಪವಿರಾಮ ನಮ್ಮ ಲಕ್ಷದ ಲೆಕ್ಕದಲ್ಲಿ ಬರ್ತದಾ?

5. ಮುಂದಿನ ಅಪ್‌ಡೇಟ್ ಬಂದಾಗ ನಾನು ತಿದ್ದಿದ ಕನ್ನಡ ಉಳೀತದಾ, ಅಳಿಸಿ ಹೋಗ್ತದಾ?

ಐದರಲ್ಲಿ ಮೂರಕ್ಕೆ ಹೌದು ಅಂದ್ರೆ ಆ ಸಾಫ್ಟ್‌ವೇರ್ ಇವತ್ತಲ್ಲ ನಾಳೆ ಕನ್ನಡ ಆಗ್ತದೆ. ಮೊದಲನೆಯದಕ್ಕೇ ಇಲ್ಲ ಅಂದ್ರೆ, ಉಳಿದ ನಾಲ್ಕನ್ನು ಕೇಳಿ ಉಪಯೋಗ ಇಲ್ಲ. ಆಗ ಬೇರೆ ಡೀಲರ್ ನೋಡಿ, ಇಲ್ಲವೇ ಎಎಂಸಿ ಕಟ್ಟೋ ಮೊದಲು ಅದನ್ನೇ ಷರತ್ತು ಮಾಡಿ. ಜಿಎಸ್‌ಟಿ ನಂಬರು, ಎಚ್‌ಎಸ್‌ಎನ್ ಕೋಡ್ ಹೇಗಿವೆಯೋ ಹಾಗೇ ಇರಲಿ. ಗಿರಾಕಿ ಓದಬೇಕಾದ ಮಾತು ಒಂದು ಬಿಲ್ಲಿನಲ್ಲಿ ಇಪ್ಪತ್ತು ದಾಟೋದು ಕಷ್ಟ.

ಅಂದು ಗೊಬ್ಬರದ ಅಂಗಡಿಯವರು ಕಾಕಾನ ಬಿಲ್ ಹಿಂದಕ್ಕೆ ಇಸಿದುಕೊಂಡು, 4,200ರ ಪಕ್ಕದಲ್ಲಿ ಬಾಲ್‌ಪೆನ್ನಿನಿಂದ ‘ಕೊಡೂದು’ ಅಂತ ಕನ್ನಡದಲ್ಲಿ ಬರೆದು ಕೊಟ್ಟರು. ಕಾಕಾ ಓದಿ, ತಲೆಯಾಡಿಸಿ, ಜೇಬಿಗೆ ಹಾಕಿಕೊಂಡು ಹೋದರು. ಕಂಪ್ಯೂಟರ್ ಮಾಡದ ಅನುವಾದವನ್ನು ಅಂಗಡಿಯವರು ಕೈಯಿಂದ ಮಾಡಿದರು. ದಿನಕ್ಕೆ ನೂರು ಬಿಲ್ ಹೊಡೆಯೋ ಅಂಗಡಿಯಲ್ಲಿ ನೂರು ಸಲ ಪೆನ್ ಹಿಡಿಯೋಕೆ ಆಗೋದಿಲ್ಲ. ಒಮ್ಮೆ ಪಟ್ಟಿಯಲ್ಲಿ ಬರೆದಿಟ್ಟರೆ ಸಾಕು.